ಬುಟ್ಟಿ ಮಣ್ಣು ಹೊತ್ತವಳ ಬೀದಿಯಲ್ಲಿ

ಕೋಲ್ಕತ್ತದ ಬಾಗ್‌ಬಜಾರಿನಲ್ಲಿ ಒಂದು ರಸ್ತೆ ಇದೆ. ನೆಟ್ಟಗೆ ಬರುತ್ತ ಬರುತ್ತ ಒಂದು ಮನೆಯ ಮುಂದೆ ಎರಡಾಗಿ ಒಡೆಯುತ್ತದೆ. ಬಸ್ಸು, ಆಟೋ, ಹಾಲಿನ ಗಾಡಿ ಎಲ್ಲವೂ ಆ ಮನೆಯ ಎಡಕ್ಕೋ ಬಲಕ್ಕೋ ಸರಿದು, ಹಿಂದೆ ಹೋಗಿ ಮತ್ತೆ ಕೂಡಿಕೊಳ್ಳುತ್ತವೆ. ಹೊಳೆಯ ಮಧ್ಯದ ನಡುಗಡ್ಡೆಯ ಹಾಗೆ ಮನೆ ತನ್ನ ಪಾಡಿಗೆ ತಾನು ನಿಂತಿದೆ.

ಬೆಳಗಿನ ಆರೂವರೆ. ಚಿಗವ್ವ ಫುಟ್‌ಪಾತಿನ ಮೇಲೆ ನಿಂತು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ಏನ್ ಯವ್ವಾ ಇದು, ಗುಡಿ ಏನು?"

"ಅಲ್ಲ ಚಿಗವ್ವ. ನಾಟಕ ಬರದವರ ಮನಿ. ಗಿರೀಶಚಂದ್ರ ಘೋಷ್ ಅಂತ."

"ನಾಟಕದವರ ಮನಿ ಸಲುವಾಗಿ ರಸ್ತೆನ ಸರದ್ ನಿಂತದ?"

ಅವಳು ಚಪ್ಪಲಿ ಬಿಟ್ಟು ಕೈ ಮುಗಿದಳು. ಹನ್ನೊಂದು ವರ್ಷ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕಂಪನಿ ನಾಟಕಕ್ಕೆ ಬಣ್ಣ ಹಚ್ಚಿದ ಹೆಂಗಸು ಅವಳು. ಈಗ ಎಪ್ಪತ್ತೊಂದು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲು ಊರೂರಲ್ಲಿ ಹಿಂದೆ ಮುಂದೆ ನೋಡುತ್ತಿದ್ದುದನ್ನು ಕಂಡವಳು. ನಾಟಕಕಾರನೊಬ್ಬನ ಮನೆಗಾಗಿ ಪಟ್ಟಣದ ರಸ್ತೆಯೊಂದು ಬಾಗಿದ್ದನ್ನು ನೋಡಿ ಅವಳ ಕಣ್ಣು ತುಂಬಿತು. ನನ್ನದೂ.

ನಾವು ಹುಡುಕಿಕೊಂಡು ಬಂದದ್ದು ಗಿರೀಶಬಾಬುವನ್ನಲ್ಲ, ಅವರ ಶಿಷ್ಯೆಯನ್ನು. ಬಿನೋದಿನಿ ದಾಸಿ. ಆಕೆಯನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ದೇವರ ಮಾಡದಲ್ಲಿದ್ದ 'ಶ್ರೀ ರಾಮಕೃಷ್ಣ ವಚನವೇದ'ದ ಒಂದು ಪುಟದಲ್ಲಿ. 1884ರ ಸೆಪ್ಟೆಂಬರ್ 21ರಂದು ಪರಮಹಂಸರು ಸ್ಟಾರ್ ಥಿಯೇಟರಿಗೆ 'ಚೈತನ್ಯಲೀಲಾ' ನೋಡಲು ಹೋಗುತ್ತಾರೆ. ನಾಟಕ ಹೇಗಿತ್ತು ಎಂದು ಕೇಳಿದವರಿಗೆ, ಅಸಲೂ ನಕಲೂ ಒಂದೇ ಆಗಿ ಕಂಡಿತು ಎನ್ನುತ್ತಾರೆ. ಅಂದು ಚೈತನ್ಯನ ಪಾತ್ರ ಮಾಡಿದ್ದು ಒಬ್ಬ ಹೆಣ್ಣುಮಗಳು, ಇಪ್ಪತ್ತೆರಡರ ಆಸುಪಾಸಿನ ಪ್ರಾಯದವಳು. ಅದು ತಿಳಿದ ದಿನದಿಂದ ಆ ಹೆಸರು ನನ್ನನ್ನು ಬಿಟ್ಟಿರಲಿಲ್ಲ. ಮುಂದೆ ಎಷ್ಟೋ ವರ್ಷಕ್ಕೆ ಆಕೆಯ ಆತ್ಮಕಥೆ 'ಆಮಾರ್ ಕಥಾ' ರಿಮ್ಲಿ ಭಟ್ಟಾಚಾರ್ಯರ ಇಂಗ್ಲಿಷ್ ಅನುವಾದದಲ್ಲಿ ಕೈಗೆ ಸಿಕ್ಕಿತು. ಅದನ್ನು ನಾನು ಒಂದೊಂದೇ ಪುಟ ಕನ್ನಡ ಮಾಡಿ ಹೇಳುತ್ತಿದ್ದರೆ ಚಿಗವ್ವ ಅವರೇಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಪುಸ್ತಕ ಮುಗಿದ ರಾತ್ರಿ ಅವಳು ಅಂದದ್ದು ಒಂದೇ ಮಾತು: "ಆಕಿ ಮಣ್ಣು ಹೊತ್ತ ಜಾಗ ನೋಡಬೇಕು ನಾ."

ಆ ಜಾಗ ಇರುವುದು ಬೀಡನ್ ಸ್ಟ್ರೀಟಿನಲ್ಲಿ. ನಾವು ಮೆಟ್ರೋ ಇಳಿದ ನಿಲ್ದಾಣದ ಹೆಸರು ಗಿರೀಶ್ ಪಾರ್ಕ್. ಅದೂ ಗುರುಗಳ ಹೆಸರೇ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಚಿತ್ತರಂಜನ್ ಅವೆನ್ಯೂ, ಹಳಬರ ಬಾಯಲ್ಲಿ ಸೆಂಟ್ರಲ್ ಅವೆನ್ಯೂ. ಉತ್ತರಕ್ಕೆ ಸ್ವಲ್ಪ ನಡೆದರೆ ಬೀಡನ್ ಸ್ಟ್ರೀಟ್ ಅಡ್ಡ ಸಿಗುತ್ತದೆ.

ಈ ಒಂದು ಬೀದಿಯಲ್ಲಿ ಬಿನೋದಿನಿಯ ಹನ್ನೆರಡು ವರ್ಷದ ರಂಗಜೀವನದ ಬಹುಪಾಲು ಅಡಗಿದೆ ಎಂಬುದು ನನಗೆ ನಡೆಯುತ್ತ ನಡೆಯುತ್ತ ಅರಿವಾಯಿತು. ಆರನೆಯ ನಂಬರಿನಲ್ಲಿ ಮಿನರ್ವಾ ಥಿಯೇಟರ್ ಇದೆ. ಅದು ಕಟ್ಟಿದ್ದು 1893ರಲ್ಲಿ. ಅದಕ್ಕೂ ಮುಂಚೆ ಅದೇ ನೆಲದಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರ್ ಇತ್ತು. 1874ರ ಡಿಸೆಂಬರಿನಲ್ಲಿ, ತಿಂಗಳಿಗೆ ಹತ್ತು ರೂಪಾಯಿ ಸಂಬಳಕ್ಕೆ, ದ್ರೌಪದಿಯ ಸಖಿಯಾಗಿ ಎರಡು ಮಾತು ಆಡಲು ಆ ಮಗು ಮೊದಲ ಸಲ ರಂಗಕ್ಕೆ ಬಂದದ್ದು ಅಲ್ಲೇ. ಆಗ ಅವಳಿಗೆ ಹನ್ನೊಂದೋ ಹನ್ನೆರಡೋ. ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದ ಗಂಗಾಬಾಯಿ ಎಂಬ ಗಾಯಕಿಯಿಂದ ಹಾಡು ಕಲಿತಿದ್ದಳು. ಮನೆಯಲ್ಲಿ ಬಡತನ. ಹೆಣ್ಣುಮಕ್ಕಳು ನಾಟಕಕ್ಕೆ ಬರತೊಡಗಿ ಒಂದೂವರೆ ವರ್ಷವೂ ಆಗಿರಲಿಲ್ಲ. 1873ರಲ್ಲಿ ಇದೇ ಬೀದಿಯ ಬೆಂಗಾಲ್ ಥಿಯೇಟರ್ ಮೊದಲ ಬಾರಿ ನಟಿಯರನ್ನು ತೆಗೆದುಕೊಂಡಾಗ, ವಿಧವೆಯರ ಮದುವೆಗಾಗಿ ಊರನ್ನೇ ಎದುರು ಹಾಕಿಕೊಂಡಿದ್ದ ಈಶ್ವರಚಂದ್ರ ವಿದ್ಯಾಸಾಗರರು ಕೂಡ ಒಪ್ಪದೆ ಸಮಿತಿಯಿಂದ ಹೊರಬಂದಿದ್ದರು. ಬಂದ ನಟಿಯರೆಲ್ಲ ಸೂಳೆಗೇರಿಯ ಮನೆಗಳಿಂದ ಬಂದವರು. ಬೇರೆ ಯಾವ ಮನೆಯ ಬಾಗಿಲೂ ರಂಗದ ಕಡೆಗೆ ತೆರೆಯುವಂತಿರಲಿಲ್ಲ. ಆ ಬೆಂಗಾಲ್ ಥಿಯೇಟರ್ ಇದ್ದ ಜಾಗದಲ್ಲಿ ಈಗ ಅಂಚೆ ಕಚೇರಿ ಇದೆ. ಚಿಗವ್ವ ಒಳಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರ್ ಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು ಹುಬ್ಬಳ್ಳಿಯ ಮಗಳಿಗೆ ನಾಲ್ಕು ಸಾಲು ಬರೆದಳು.

ಆ ಥಿಯೇಟರಿನ ಮಾಲೀಕ ಶರತ್‌ಚಂದ್ರ ಘೋಷ್ ಕುದುರೆ ಏರಿಯೇ ರಂಗಕ್ಕೆ ಬರುತ್ತಿದ್ದರಂತೆ. ಬಿನೋದಿನಿ ಮುಂದೆ ಆ ಥಿಯೇಟರಿಗೂ ಸೇರಿದಳು. ಅಲ್ಲಿಂದ ಅವಳನ್ನು ಗಿರೀಶ್ ಘೋಷ್ ತಮ್ಮ ಕಡೆಗೆ, ನ್ಯಾಷನಲ್ ಥಿಯೇಟರಿಗೆ, ಕರೆದುಕೊಂಡರು. 'ಮೇಘನಾದವಧ'ದಲ್ಲಿ ಒಂದೇ ರಾತ್ರಿ ಏಳು ಪಾತ್ರ ಮಾಡಿದಳು. ಬಂಕಿಮಚಂದ್ರರ 'ದುರ್ಗೇಶನಂದಿನಿ'ಯಲ್ಲಿ ಆಯೇಷಾ ಮತ್ತು ತಿಲೋತ್ತಮೆ ಎರಡೂ ಅವಳೇ ಆದಳು. ಅದಕ್ಕೂ ಮುಂಚೆ, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ತಂಡದ ಜೊತೆ ಲಖನೌಗೆ ಹೋಗಿ 'ನೀಲದರ್ಪಣ' ಆಡುವಾಗ ರಂಗದ ಮೇಲಿನ ರೈತ ನೀಲಿ ತೋಟದ ದೊರೆಯನ್ನು ಕೆಡವಿ ಹೊಡೆಯುವ ದೃಶ್ಯಕ್ಕೆ, ಮುಂದೆ ಕೂತ ನಿಜವಾದ ದೊರೆಗಳು ಕತ್ತಿ ಹಿರಿದು ರಂಗಕ್ಕೆ ನುಗ್ಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ನಾಟಕ ಅಲ್ಲಿಗೇ ನಿಂತಿತು. ಊರು ಬಿಟ್ಟು ಹೊರಡಬೇಕಾಯಿತು.

ಈ ಎಲ್ಲವನ್ನೂ ಹೇಳಿಕೊಂಡು ನಾವು ಸೆಂಟ್ರಲ್ ಅವೆನ್ಯೂ ಮತ್ತು ಬೀಡನ್ ಸ್ಟ್ರೀಟ್ ಕೂಡುವ ಚೌಕಕ್ಕೆ ವಾಪಸು ಬಂದೆವು. ಸಿಗ್ನಲ್ಲಿನ ಹತ್ತಿರ ಎಳನೀರು ಮಾರುವವನೊಬ್ಬ ಗಾಡಿ ನಿಲ್ಲಿಸಿಕೊಂಡಿದ್ದ. ಹಳದಿ ಟ್ಯಾಕ್ಸಿಗಳು, ಬಸ್ಸುಗಳು, ಅಂಗಾಲಿನಡಿ ಆಗಾಗ ಸಣ್ಣ ನಡುಕ. ಕೆಳಗೆ ಮೆಟ್ರೋ ಓಡುತ್ತಿತ್ತು.

"ಎಲ್ಲದ ಥಿಯೇಟರು?"

"ಇಲ್ಲೇ ಚಿಗವ್ವ. ನಾವ್ ನಿಂತದ್ದs ಅಲ್ಲಿ."

68, ಬೀಡನ್ ಸ್ಟ್ರೀಟ್. ಬಿನೋದಿನಿ ಮಣ್ಣು ಹೊತ್ತ ಥಿಯೇಟರಿನ ವಿಳಾಸ. ಆ ಕಟ್ಟಡಕ್ಕೆ ಮುಂದೆ ಎಮರಾಲ್ಡ್, ಕ್ಲಾಸಿಕ್, ಕೊಹಿನೂರ್, ಮನಮೋಹನ್ ಎಂದು ಹೆಸರು ಬದಲಾಗುತ್ತ ಹೋಗಿ, ಕೊನೆಗೆ ಸೆಂಟ್ರಲ್ ಅವೆನ್ಯೂ ಅಗೆಯುವಾಗ ಅದನ್ನು ಕೆಡವಿದರು. ಬೆಳಗ್ಗೆ ನೋಡಿದ ಮನೆ ನೆನಪಾಯಿತು. ಅಲ್ಲಿ ರಸ್ತೆ ಎರಡಾಗಿ ದಾರಿ ಬಿಟ್ಟಿತ್ತು. ಇಲ್ಲಿ ಅದು ನೇರವಾಗಿ ಮೇಲಿಂದಲೇ ಹಾದು ಹೋಗಿದೆ.

ಅಲ್ಲೇ, ಎಳನೀರಿನ ಗಾಡಿಯ ನೆರಳಲ್ಲಿ ನಿಂತು, ಚಿಗವ್ವನಿಗೆ ಗೊತ್ತಿದ್ದ ಕಥೆಯನ್ನು ನಾನು ಇನ್ನೊಮ್ಮೆ ಹೇಳಿದೆ. ಜಾಗದಲ್ಲಿ ನಿಂತು ಕೇಳಿದರೆ ಕಥೆಯ ತೂಕವೇ ಬೇರೆ.

ನ್ಯಾಷನಲ್ ಥಿಯೇಟರಿನ ಮಾಲೀಕ ಆಗ ಪ್ರತಾಪಚಂದ್ ಜೌಹರಿ. ಬಿನೋದಿನಿ ರಜೆ ಹಾಕಿ ಕಾಶಿಗೆ ಹೋಗಿಬಂದ ದಿನಗಳ ಸಂಬಳವನ್ನು ಆತ ಹಿಡಿದುಕೊಂಡದ್ದು ಒಂದು ನೆಪ. ಜಗಳ ಬೆಳೆದು, ಗಿರೀಶರೂ ಉಳಿದ ನಟರೂ ಸ್ವಂತ ಥಿಯೇಟರ್ ಕಟ್ಟುವ ಮಾತಿಗೆ ಬಂದರು. ದುಡ್ಡು ಎಲ್ಲಿಂದ ತರುವುದು? ಗುರ್ಮುಖ್ ರಾಯ್ ಎಂಬ ಮಾರವಾಡಿ ತರುಣ ಮುಂದೆ ಬಂದ. ಥಿಯೇಟರ್ ಕಟ್ಟಿಸಿಕೊಡುತ್ತೇನೆ, ಆದರೆ ಬಿನೋದಿನಿ ನನ್ನ ಆಶ್ರಯಕ್ಕೆ ಬರಬೇಕು ಎಂದ. ಆಕೆ ಆಗ ಒಬ್ಬ ಜಮೀನುದಾರನ ಆಶ್ರಯದಲ್ಲಿದ್ದಳು, ಅವನ ಮೇಲೆ ಮನಸ್ಸೂ ಇತ್ತು. ಜೊತೆಗಾರರೆಲ್ಲ ಕೂತು ಒತ್ತಾಯಿಸಿದರು: ನೀನು ಮನಸ್ಸು ಮಾಡಿದರೆ ನಮಗೆಲ್ಲ ಒಂದು ನೆಲೆ ಆಗುತ್ತದೆ. ಹಳೆಯ ಜಮೀನುದಾರ ಸುಮ್ಮನಿರಲಿಲ್ಲ. ಒಂದು ಬೆಳಗಿನ ಜಾವ ಆತ ಸಿಪಾಯಿಯ ಉಡುಪಿನಲ್ಲಿ ಕೋಣೆಗೆ ನುಗ್ಗಿ ಕತ್ತಿ ಬೀಸಿದ. ಏಟು ಅವಳಿಗೆ ತಪ್ಪಿ ಹಾರ್ಮೋನಿಯಮ್ಮಿಗೆ ಬಿತ್ತು. ಅದನ್ನು ಬರೆಯುವಾಗ ಬಿನೋದಿನಿ ಆ ಹಾರ್ಮೋನಿಯಮ್ಮಿನ ಮರದಲ್ಲಿ ಕತ್ತಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಬೆರಳಿನ ಲೆಕ್ಕದಲ್ಲಿ ಹೇಳುತ್ತಾಳೆ. ಮೂವತ್ತು ವರ್ಷದ ಬಳಿಕವೂ ಆ ಗಾಯದ ಅಳತೆ ಅವಳಿಗೆ ನೆನಪಿತ್ತು.

ಗುರ್ಮುಖ್ ರಾಯ್ ಇನ್ನೊಂದು ಮಾತನ್ನೂ ಆಡಿದ. ಥಿಯೇಟರ್ ಯಾಕೆ, ಐವತ್ತು ಸಾವಿರ ರೂಪಾಯಿ ನಗದು ಕೊಡುತ್ತೇನೆ, ತೆಗೆದುಕೋ ಎಂದ. 1880ರ ದಶಕದ ಐವತ್ತು ಸಾವಿರ. ಅವಳು ಬೇಡ ಎಂದಳು. ನನಗೆ ಥಿಯೇಟರೇ ಬೇಕು ಎಂದಳು.

ಈ ಜಾಗಕ್ಕೆ ಬಂದಾಗಲೆಲ್ಲ ನಾನು ಓದು ನಿಲ್ಲಿಸುತ್ತೇನೆ. ಹೊಟ್ಟೆಪಾಡಿಗೆಂದು ಹತ್ತು ರೂಪಾಯಿಗೆ ರಂಗಕ್ಕೆ ಬಂದ ಹುಡುಗಿ. ಜೀವಮಾನಕ್ಕೆ ಸಾಕಾಗುವ ಹಣ ಕಣ್ಣೆದುರು ಇದೆ. ಅವಳು ಕೇಳುವುದು ಹಲಗೆ, ಪರದೆ, ದೀಪ.

ಬೀಡನ್ ಸ್ಟ್ರೀಟಿನಲ್ಲಿ ಕೆಲಸ ಶುರುವಾಯಿತು. ಹಗಲು ತಾಲೀಮು, ಆಮೇಲೆ ಕಟ್ಟಡದ ಕೆಲಸ. ಪ್ರೇಕ್ಷಕರು ಕೂರುವ ಜಾಗದ ಹಿಂಭಾಗ ತುಂಬಿಸಲು ಮಣ್ಣು ಬೇಕಿತ್ತು. ಬಿನೋದಿನಿ ತಾನೇ ತಲೆಯ ಮೇಲೆ ಬುಟ್ಟಿ ಹೊತ್ತಳು. ಕೂಲಿಯವರು ಉತ್ಸಾಹದಿಂದ ದುಡಿಯಲಿ ಎಂದು ಬುಟ್ಟಿಗಿಷ್ಟು ಕವಡೆ ಎಂದು ಗೊತ್ತು ಮಾಡಿ ಕೊಟ್ಟಳು. ರಾತ್ರಿ ಎಲ್ಲರೂ ಮನೆಗೆ ಹೋದಮೇಲೂ ನಿಂತು ಕೆಲಸ ಮಾಡಿಸಿದಳು. ಜೊತೆಗಾರರು ಹೇಳಿದ್ದರು: ನಿನ್ನ ಹೆಸರೂ ಇದರ ಜೊತೆ ಸೇರಿಕೊಂಡಿರುತ್ತದೆ, ನೀನು ಸತ್ತಮೇಲೂ ಉಳಿಯುತ್ತದೆ, ಇದಕ್ಕೆ 'ಬಿ ಥಿಯೇಟರ್' ಎಂದೇ ಹೆಸರಿಡೋಣ. ಬಿ ಎಂದರೆ ಬಿನೋದಿನಿ.

ಹೆಸರು ನೋಂದಾಯಿಸಲು ಅವರೆಲ್ಲ ಹೋದರು. ಅವರು ತಿರುಗಿ ಬಂದಾಗ ಈಕೆ ಓಡಿ ಹೋಗಿ, ಏನು ಹೆಸರಾಯಿತು ಎಂದು ಕೇಳಿದಳು. ದಾಸುಚರಣ ನಿಯೋಗಿ ನಗುಮುಖದಿಂದ ಹೇಳಿದರು: ಸ್ಟಾರ್.

ಎರಡು ನಿಮಿಷ ಮಾತೇ ಹೊರಡಲಿಲ್ಲ, ಕೂತುಬಿಟ್ಟೆ ಎಂದು ಬರೆಯುತ್ತಾಳೆ. ಸೂಳೆಯ ಹೆಸರಿನ ಥಿಯೇಟರಿಗೆ ಮರ್ಯಾದಸ್ಥರು ಬರುವುದಿಲ್ಲ ಎಂಬ ಅಂಜಿಕೆ ಅವರದು ಎಂದು ಈಗ ಎಲ್ಲರೂ ಹೇಳುತ್ತಾರೆ. ಮರ್ಯಾದಸ್ಥರು ಮುಗಿಬಿದ್ದು ಬರುತ್ತಿದ್ದುದು ಅವಳನ್ನು ನೋಡಲೆಂದೇ. 1883ರ ಜುಲೈ 21ರಂದು 'ದಕ್ಷಯಜ್ಞ'ದಿಂದ ಸ್ಟಾರ್ ತೆರೆಯಿತು. ಗಿರೀಶ್ ದಕ್ಷ, ಬಿನೋದಿನಿ ಸತಿ. ತವರಿನ ಯಜ್ಞಕ್ಕೆ ಕರೆಯದೆ ಬಂದು ಅವಮಾನಕ್ಕೆ ಉರಿದು ಹೋಗುವ ಸತಿ. ಆ ರಾತ್ರಿ ಅವಳು ಆ ಮಾತುಗಳನ್ನು ಹೇಗೆ ಆಡಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಹೆಸರು ಹೋದದ್ದಷ್ಟೇ ಅಲ್ಲ. ತಾನು ಮಣ್ಣು ಹೊತ್ತು ಕಟ್ಟಿದ ಥಿಯೇಟರಿನಲ್ಲಿ ಸಂಬಳದ ನಟಿಯಾಗಿಯೂ ತನ್ನನ್ನು ಸೇರಿಸದಿರಲು ಒಳಗೊಳಗೇ ಪ್ರಯತ್ನ ನಡೆಯಿತು, ಎರಡು ತಿಂಗಳು ಮನೆಯಲ್ಲಿ ಕೂರಬೇಕಾಯಿತು ಎನ್ನುತ್ತಾಳೆ. ಗುರ್ಮುಖ್ ರಾಯ್ ಮನೆಯವರ ಒತ್ತಡಕ್ಕೆ ಮಣಿದು ಕೈಬಿಡುವಾಗ ಅವಳಿಗೆ ಪಾಲು ಕೊಡಬೇಕೆಂದಿದ್ದ. ಆ ಗೊಡವೆ ಬೇಡವೆಂದು ಗಿರೀಶ್ ಅವಳ ತಾಯಿಯನ್ನು ಒಪ್ಪಿಸಿದರು. ಹನ್ನೊಂದು ಸಾವಿರ ರೂಪಾಯಿಗೆ ಥಿಯೇಟರ್ ನಾಲ್ವರ ಕೈಗೆ ಹೋಯಿತು: ಅಮೃತಲಾಲ್ ಮಿತ್ರ, ಅಮೃತಲಾಲ್ ಬಸು, ಹರಿಪ್ರಸಾದ್ ಬಸು, ಮತ್ತು 'ಸ್ಟಾರ್' ಎಂದು ಹೇಳಿದ ಅದೇ ದಾಸುಬಾಬು.

ಚಿಗವ್ವ ಎಳನೀರಿನ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು. ಅವಳ ಮನಸ್ಸು ಎಲ್ಲಿಗೆ ಹೋಗಿದೆ ಎಂದು ನನಗೆ ಗೊತ್ತಿತ್ತು. ಒಂದು ಜಾತ್ರೆಯ ಸೀಸನ್ನಿನಲ್ಲಿ, ಮಾಲೀಕರ ಕೈಯಲ್ಲಿ ದುಡ್ಡಿಲ್ಲದೆ ಕ್ಯಾಂಪ್ ಮುರಿಯುವ ಹೊತ್ತಿಗೆ, ಅವಳು ತನ್ನ ಬೋರಮಾಳ ಒತ್ತೆ ಇಟ್ಟು ತಗಡು, ಬಿದಿರು ತರಿಸಿದ್ದಳು. ಹ್ಯಾಂಡ್‌ಬಿಲ್ಲಿನಲ್ಲಿ ನಿನ್ನ ಹೆಸರು ಎಲ್ಲಕ್ಕಿಂತ ಮೇಲೆ ಹಾಕಿಸುತ್ತೇವೆ ಎಂದಿದ್ದರು. ಅಚ್ಚಾಗಿ ಬಂದ ಗುಲಾಬಿ ಕಾಗದದಲ್ಲಿ ಅವಳ ಹೆಸರು ಕೆಳಗಿನ ಸಾಲಿನಲ್ಲೂ ಇರಲಿಲ್ಲ. ಆ ಕಾಗದ ಇವತ್ತಿಗೂ ಅವಳ ಟ್ರಂಕಿನಲ್ಲಿ ಇದೆ. ನಾನು ನೋಡಿದ್ದೇನೆ.

"ಅವತ್ತ ರಾತ್ರಿನೂ ನಾ ಪಾರ್ಟ್ ಮಾಡೇನಿ, ಯವ್ವಾ" ಎಂದಳು. "ಮಂದಿ ಬಂದ್ ಕುಂತಿರತಾರ. ಅವರದೇನ್ ತಪ್ಪು?"

ಬಿನೋದಿನಿಯೂ ಅಭಿನಯ ನಿಲ್ಲಿಸಲಿಲ್ಲ. ಇದೇ ನೆಲದ ಮೇಲೆ 1884ರ ಆಗಸ್ಟಿನಲ್ಲಿ 'ಚೈತನ್ಯಲೀಲಾ' ಶುರುವಾಯಿತು. ಪ್ರಯೋಗದ ಮುಂಜಾನೆ ಗಂಗಾಸ್ನಾನ ಮಾಡಿ, ನೂರೆಂಟು ಸಲ ದುರ್ಗೆಯ ಹೆಸರು ಬರೆದು, ಈ ಸಂಕಟದಿಂದ ಪಾರು ಮಾಡು ಎಂದು ಬೇಡಿಕೊಂಡು ರಂಗಕ್ಕೆ ಬಂದಳು. ಪರಮಹಂಸರು ಬಂದು ಕೂತದ್ದು ಇಲ್ಲಿ. ನಾಟಕ ಮುಗಿದ ಮೇಲೆ ಕಾಲಿಗೆರಗಿದವಳ ತಲೆಯ ಮೇಲೆ ಕೈಯಿಟ್ಟು ನಿನಗೆ ಚೈತನ್ಯ ಉಂಟಾಗಲಿ ಎಂದು ಹರಸಿದ್ದು ಇಲ್ಲಿ. ಸಿಗ್ನಲ್ ಹಸಿರಾಯಿತು. ಬಸ್ಸುಗಳು ಹೊರಟವು. ಚಿಗವ್ವ ಬಗ್ಗಿ ಡಾಂಬರಿನ ಅಂಚನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಕಂಪನಿಯವರು ರಂಗ ಹತ್ತುವ ಮುಂಚೆ ಹಲಗೆ ಮುಟ್ಟಿ ಒತ್ತಿಕೊಳ್ಳುವ ಹಾಗೆ.

ಮಧ್ಯಾಹ್ನ ಶ್ಯಾಮ್‌ಪುಕುರಕ್ಕೆ ಹೋದೆವು. ಗಂಟಲಿನ ಬೇನೆಗೆ ಚಿಕಿತ್ಸೆಗೆಂದು ಪರಮಹಂಸರು 1885ರಲ್ಲಿ ಉಳಿದಿದ್ದ ಮನೆ ಅಲ್ಲಿದೆ. ಅವರಿಗೆ ಆಯಾಸವಾಗಬಾರದೆಂದು ಶಿಷ್ಯರು ಬಾಗಿಲು ಕಾಯುತ್ತಿದ್ದರು. ನಟಿಯನ್ನಂತೂ ಒಳಗೆ ಬಿಡುವ ಮಾತೇ ಇರಲಿಲ್ಲ. ಒಂದು ಸಂಜೆ ಕಾಲೀಪದ ಘೋಷರ ಜೊತೆ ಕೋಟು, ಪ್ಯಾಂಟು, ಹ್ಯಾಟಿನ ಒಬ್ಬ ಸಾಹೇಬ ಬಂದ. ಯಾರೂ ತಡೆಯಲಿಲ್ಲ. ಮಹಡಿಯ ಕೋಣೆಗೆ ಹೋದ ಮೇಲೆ ಸಾಹೇಬ ಯಾರೆಂದು ತಿಳಿದು ಪರಮಹಂಸರು ನಕ್ಕುಬಿಟ್ಟರು. ಬಿನೋದಿನಿ ಅವರ ಪಾದಕ್ಕೆ ತಲೆಯಿಟ್ಟು ಅತ್ತಳು. ಆ ಕಿರಿದಾದ ಮೆಟ್ಟಿಲು ಹತ್ತುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಮಾಡಿದ ಪಾತ್ರಗಳ ಪಟ್ಟಿಯಲ್ಲಿ ಈ ಸಾಹೇಬನ ಪಾತ್ರವನ್ನು ಯಾರೂ ಸೇರಿಸುವುದಿಲ್ಲ. ಟಿಕೇಟಿಲ್ಲದೆ, ಪರದೆಯಿಲ್ಲದೆ, ಕಾವಲುಗಾರರ ಎದುರು ಧೈರ್ಯದಿಂದ ಮಾಡಿದ ಪಾತ್ರ ಅದು.

1886ರ ಕೊನೆಗೆ ಅವಳು ರಂಗ ಬಿಟ್ಟಳು. ಇಪ್ಪತ್ನಾಲ್ಕರ ಒಳಹೊರಗಿನ ಪ್ರಾಯ. ಮತ್ತೆ ಬಣ್ಣ ಹಚ್ಚಲಿಲ್ಲ. ಬದುಕಿದ್ದು 1941ರವರೆಗೆ. ನಡುವೆ ಮಗಳು ಹುಟ್ಟಿದಳು, 1904ರಲ್ಲಿ ತೀರಿಕೊಂಡಳು. ಎರಡು ಕವನ ಸಂಗ್ರಹ ಬಂದವು. ಆಮೇಲೆ ಆತ್ಮಕಥೆ.

ಆ ಆತ್ಮಕಥೆಯ ಸುತ್ತಲೂ ಒಂದು ಜಗಳವಿದೆ, ಮತ್ತು ರಂಗದ ಹಿಂದಿನ ಜಗಳಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಪುಸ್ತಕವನ್ನು ಆಕೆ ಬರೆದದ್ದು ಗಿರೀಶರಿಗೆ ಬರೆದ ಕಾಗದಗಳ ರೂಪದಲ್ಲಿ, 'ಮಹಾಶಯ' ಎಂದು ಕರೆದು. ಮುನ್ನುಡಿ ಬರೆದುಕೊಡಿ ಎಂದೂ ಅವರನ್ನೇ ಕೇಳಿದಳು. ಅವರು ಬರೆದುಕೊಟ್ಟರು. ಓದಿದ ಬಿನೋದಿನಿ ಒಪ್ಪಲಿಲ್ಲ. ನಡೆದ ಎಷ್ಟೋ ಸಂಗತಿ ಇದರಲ್ಲಿ ಇಲ್ಲ, ಬೇರೆ ಬರೆದುಕೊಡಿ ಎಂದಳು. ಕಟುವಾದ ಸತ್ಯವನ್ನು ಎಲ್ಲ ಕಾಲಕ್ಕೂ ಹೇಳಬೇಕೆಂದಿಲ್ಲ ಎಂಬುದು ಗುರುವಿನ ಉತ್ತರ. ನಡಿಗೆ, ಉಸಿರು, ದೃಷ್ಟಿ ಎಲ್ಲವನ್ನೂ ಕಲಿಸಿದ ಗುರು. ಅವರ ಬರಹವನ್ನು ಶಿಷ್ಯೆ ತಿದ್ದಲು ವಾಪಸು ಕೊಡುತ್ತಾಳೆ! ಕೊಡುತ್ತೇನೆ ಎಂದ ಗಿರೀಶ್ ಕಾಯಿಲೆ ಬಿದ್ದು 1912ರ ಫೆಬ್ರವರಿ 8ರಂದು ತೀರಿಕೊಂಡರು. ಆ ವರ್ಷ ಬಂದ ಮೊದಲ ಮುದ್ರಣದಲ್ಲಿ ಮುನ್ನುಡಿ ಇಲ್ಲ. ಮರುವರ್ಷದ ಮುದ್ರಣದಲ್ಲಿ ಆಕೆ ಅದನ್ನು ಸೇರಿಸಿದಳು. ತನಗೆ ಒಪ್ಪಿಗೆಯಾಗದ ಮುನ್ನುಡಿ ಅದು ಎಂಬುದನ್ನೂ, ಯಾಕೆ ಒಪ್ಪಿಗೆಯಾಗಲಿಲ್ಲ ಎಂಬುದನ್ನೂ ತಾನೇ ಬರೆದು ಸೇರಿಸಿದಳು. ಗುರುವಿನ ಮಾತೂ ಇದೆ, ಶಿಷ್ಯೆಯ ತಕರಾರೂ ಇದೆ, ಒಂದೇ ರಟ್ಟಿನ ಒಳಗೆ, ನೂರು ವರ್ಷದಿಂದ. ಮೋಸ ಮಾಡಿದವರ ಬಗ್ಗೆ ಬರೆಯುವಾಗಲೂ ಅವರ ಅಭಿನಯ ಎಷ್ಟು ಚೆಂದವಿತ್ತು ಎಂಬುದನ್ನು ಆಕೆ ಬಿಟ್ಟುಕೊಡುವುದಿಲ್ಲ. ಸತ್ಯಕ್ಕೂ ಪ್ರೀತಿಗೂ ಇಷ್ಟು ಜಾಗ ಇಟ್ಟುಕೊಂಡು ಬರೆದ ಇನ್ನೊಂದು ನಟಿಯ ಆತ್ಮಕಥೆಯನ್ನು ನಾನು ಓದಿಲ್ಲ.

ಸಂಜೆ ಹಾತಿಬಾಗಾನ್. ಫುಟ್‌ಪಾತಿನ ಎರಡೂ ಬದಿಗೆ ಸೀರೆ, ಬಳೆ, ಪ್ಲಾಸ್ಟಿಕ್ ಡಬ್ಬಿ, ಎಣ್ಣೆಯಲ್ಲಿ ಬೇಯುವ ತೇಲೇಭಾಜಾದ ಘಮ. ಬೀಡನ್ ಸ್ಟ್ರೀಟಿನ ಕಟ್ಟಡವನ್ನು ಗೋಪಾಲ್ ಲಾಲ್ ಶೀಲ್‌ಗೆ ಮೂವತ್ತು ಸಾವಿರಕ್ಕೆ ಮಾರಿದಾಗ ಮಾಲೀಕರು ಹೆಸರನ್ನು ಮಾತ್ರ ಮಾರಲಿಲ್ಲ. ಆ ಹೆಸರು ಹೊತ್ತುಕೊಂಡು ಬಂದು 1888ರ ಮೇ 25ರಂದು ಇಲ್ಲಿ, ಈಗಿನ ಬಿಧಾನ್ ಸರಣಿಯಲ್ಲಿ, ಹೊಸ ಸ್ಟಾರ್ ತೆರೆದರು. ಬಿನೋದಿನಿ ಆಗಲೇ ರಂಗದಿಂದ ದೂರವಾಗಿದ್ದಳು. ಈ ಕಟ್ಟಡದ ಹಲಗೆಯನ್ನು ಅವಳು ನಟಿಯಾಗಿ ತುಳಿದದ್ದೇ ಇಲ್ಲ. 1991ರಲ್ಲಿ ಬೆಂಕಿ ಬಿದ್ದು ಸುಟ್ಟಿತು. 2004ರಲ್ಲಿ ನಗರಪಾಲಿಕೆ ಮತ್ತೆ ಕಟ್ಟಿಸಿ ತೆರೆಯಿತು, ಹೆಚ್ಚಾಗಿ ಸಿನಿಮಾ ಓಡುತ್ತದೆ. 2024ರ ಡಿಸೆಂಬರ್ ಕೊನೆಗೆ ಮುಖ್ಯಮಂತ್ರಿಯವರು ಇದರ ಹೆಸರು ಬದಲಾಗುತ್ತದೆ ಎಂದು ಘೋಷಿಸಿದರು.

ದೀಪ ಹತ್ತಿತು. ಎದುರುಗಡೆಯ ಬಳೆ ಅಂಗಡಿಯ ಮುಂದೆ ನಿಂತು ನಾವು ತಲೆಯೆತ್ತಿ ನೋಡಿದೆವು.

"ಏನ್ ಬರದಾರ ಯವ್ವಾ?"

"ಬಿನೋದಿನಿ ಥಿಯೇಟರ್."

"ಯಾವದು, ಯಾವ ಅಕ್ಷರ?"

ನನಗೂ ಬಂಗಾಳಿ ಬಾರದು. ಬಳೆ ಅಂಗಡಿಯ ಹೆಂಗಸು ನಮ್ಮ ಬೆರಳು ಹೋದ ಕಡೆ ನೋಡಿ, "ದೀದಿ, ಏನು ಬೇಕು?" ಎಂದು ಹಿಂದಿಯಲ್ಲಿ ಕೇಳಿದಳು. ಹೇಳಿದೆ. ಅವಳು ಬಳೆಯ ರಟ್ಟಿನ ಹಿಂಬದಿಗೆ ಬಾಲ್‌ಪೆನ್ನಿನಿಂದ ಒಂದು ತ್ರಿಕೋನ ಬರೆದು, ನೆತ್ತಿಯ ಮೇಲೊಂದು ಗೆರೆ ಎಳೆದು, ಎಡಕ್ಕೆ ಕೊಡೆಯ ಹಿಡಿಯಂಥ ಒಂದು ಕೊಂಡಿ ಸೇರಿಸಿದಳು. ಬೋರ್ಡಿನ ಮೊದಲ ಅಕ್ಷರ ತೋರಿಸಿ, "ಬಿ" ಎಂದಳು.

ಚಿಗವ್ವ ಆ ರಟ್ಟನ್ನು ತೆಗೆದುಕೊಂಡು ಬೋರ್ಡಿಗೂ ರಟ್ಟಿಗೂ ಎರಡು ಮೂರು ಸಲ ಕಣ್ಣಾಡಿಸಿದಳು. ಆಮೇಲೆ ಬ್ಲೌಸಿನೊಳಗಿನ ಚೀಲ ತೆಗೆದು ಒಂದು ಡಜನ್ ಹಸಿರು ಬಳೆ ಕೊಂಡಳು. ಆ ರಟ್ಟಿಗೇ ಬಳೆ ಪೋಣಿಸಿ ಕೊಡು ಎಂದು ಸನ್ನೆ ಮಾಡಿ ಹೇಳಿದಳು.